ಆನರ್ ಬೈಲ್ಸ್ಮಾ ನುಡಿಸಿದ ಬಾಖ್ ಚೆಲ್ಲೊ ಸೂಟ್‌ಗಳು: 14 ವರ್ಷ ಕೇಳಿದ ಮೇಲೆ

ಮೊದಲ ವಾರ ಈ ಸಿ.ಡಿ. ನನಗೆ ಹಿಡಿಸಲೇ ಇಲ್ಲ. ದುಡ್ಡು ದಂಡವಾಯಿತು ಅಂದುಕೊಂಡಿದ್ದೆ. ಹಿಂದೂಸ್ತಾನಿ ಕೇಳಿ ಬೆಳೆದ ಕಿವಿ ನನ್ನದು. ಕಮಾನಿನ ವಾದ್ಯ ಅಂದಮೇಲೆ ಸ್ವರ ಎಳೆಯಬೇಕು, ಮೀಂಡ್ ಇರಬೇಕು, ಒಂದು ಸ್ವರ ಇನ್ನೊಂದರೊಳಕ್ಕೆ ಜಾರಬೇಕು. ಚೆಲ್ಲೊ ಅಂದರೆ ಕೂತು ನುಡಿಸುವ, ದೊಡ್ಡ ಪಿಟೀಲಿನಂಥ ವಾದ್ಯ; ಸೂಟ್ ಅಂದರೆ ಒಂದು ಪೀಠಿಕೆ, ಆಮೇಲೆ ಕುಣಿತದ ಲಯದ ತುಣುಕುಗಳು. ಜರ್ಮನ್ ಸಂಗೀತಕಾರ ಬಾಖನ ಈ ಆರು ಸೂಟ್‌ಗಳನ್ನು ಅದಕ್ಕೂ ಮೊದಲು ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ 1936ರಿಂದ 1939ರವರೆಗೆ ಮಾಡಿದ ಧ್ವನಿಮುದ್ರಣದಲ್ಲಿ ಕೇಳಿದ್ದೆ. ಅಲ್ಲಿ ಚೆಲ್ಲೊ ಎದೆತುಂಬಿ ಹಾಡುತ್ತದೆ. ಬೈಲ್ಸ್ಮಾ ಹಾಗಲ್ಲ. ಕಮಾನು ಇಡುತ್ತಾರೆ, ಎತ್ತುತ್ತಾರೆ. ಸ್ವರ ಹುಟ್ಟಿ, ಸ್ವಲ್ಪ ಉಬ್ಬಿ, ಆರಿಹೋಗುತ್ತದೆ. ಮುಂದಿನದು ಬರುವ ಮೊದಲು ಕೂದಲೆಳೆಯಷ್ಟು ಜಾಗ ಖಾಲಿ. ನನಗೆ ಅದು ತುಂಡು ತುಂಡಾಗಿ ಕೇಳಿಸಿತು.

ಈಗ ಮನೆಯಲ್ಲಿ ಬೇರೆಯವರ ಮುದ್ರಣಗಳು ನಾಲ್ಕೈದು ಇವೆ. ವಾರಕ್ಕೆ ಎರಡು ಸಲವಾದರೂ ಕೈ ಹೋಗುವುದು ಇದಕ್ಕೇ. ಅದು ಹೇಗಾಯಿತು ಅಂತ ಹೇಳಿದರೆ ಹೊಸದಾಗಿ ಕೊಳ್ಳುವವರಿಗೆ ಉಪಯೋಗವಾದೀತು.

ಬೈಲ್ಸ್ಮಾ ಹುಟ್ಟಿದ್ದು 1934ರಲ್ಲಿ, ನೆದರ್‌ಲೆಂಡ್ಸ್‌ನ ಹೇಗ್ ಊರಿನಲ್ಲಿ. 1959ರಲ್ಲಿ ಮೆಕ್ಸಿಕೊದಲ್ಲಿ ಕಸಾಲ್ಸ್ ಹೆಸರಿನ ಸ್ಪರ್ಧೆಯಲ್ಲೇ ಮೊದಲ ಬಹುಮಾನ ಗೆದ್ದರು. 1962ರಿಂದ 1968ರವರೆಗೆ ಆಮ್‌ಸ್ಟರ್‌ಡ್ಯಾಮಿನ ಕನ್ಸರ್ಟ್‌ಖೆಬೌ ವಾದ್ಯವೃಂದದಲ್ಲಿ ಮುಖ್ಯ ಚೆಲ್ಲೊ ವಾದಕ. ಅಂಥ ಜಾಗ ಬಿಟ್ಟು ಅವರು ರೆಕಾರ್ಡರ್ (ಒಂದು ಬಗೆಯ ಕೊಳಲು) ವಾದಕ ಫ್ರಾನ್ಸ್ ಬ್ರುಖೆನ್, ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯ) ವಾದಕ ಗುಸ್ತಾವ್ ಲಿಯೊನ್‌ಹಾರ್ಟ್ ಜೊತೆ ಬರೋಕ್ ಸಂಗೀತವನ್ನು, ಅಂದರೆ ಬಾಖನ ಕಾಲದ ಸಂಗೀತವನ್ನು, ಆ ಕಾಲದಂಥ ವಾದ್ಯಗಳಲ್ಲೇ ನುಡಿಸುವ ದಾರಿ ಹಿಡಿದರು. ನೆಲಕ್ಕೆ ಊರುವ ಮೊಳೆಯಿಲ್ಲದ ಚೆಲ್ಲೊ, ಅದನ್ನು ಕಾಲುಗಳ ನಡುವೆಯೇ ಹಿಡಿದುಕೊಳ್ಳಬೇಕು. ತಂತಿ ಉಕ್ಕಿನದಲ್ಲ, ಕುರಿಯ ಕರುಳಿನದು. ಶ್ರುತಿಯೂ ಕೆಳಗೆ: ಇವತ್ತಿನ ವಾದ್ಯವೃಂದಗಳು 'ಎ' ಸ್ವರವನ್ನು 440 ಹರ್ಟ್ಸ್‌ಗೆ ಶ್ರುತಿ ಮಾಡಿದರೆ ಬರೋಕ್ ವಾದಕರು ಸಾಮಾನ್ಯವಾಗಿ 415ಕ್ಕೆ ಮಾಡುತ್ತಾರೆ, ಅಂದರೆ ಹೆಚ್ಚುಕಡಿಮೆ ಅರ್ಧ ಸ್ವರ ತಗ್ಗು.

ಕರುಳಿನ ತಂತಿ ಅಂದಾಗ ನನಗೆ ಸಾರಂಗಿ ನೆನಪಾಯಿತು. ಅದರ ಮುಖ್ಯ ತಂತಿಗಳೂ ಕರುಳಿನವೇ. ಕಮಾನು ತಾಗುವ ಆ ಮೊದಲ ಕ್ಷಣದ ಒರಟು, ಗಂಟಲು ಸರಿಮಾಡಿಕೊಂಡಂಥ ಸದ್ದು ಎರಡರಲ್ಲೂ ಒಂದೇ. ಅಲ್ಲಿಂದ ನನ್ನ ಕಿವಿ ತೆರೆಯಿತು. ಇದು ಹಾಡಲ್ಲ, ಮಾತು. ಮಾತಿನಲ್ಲಿ ಯಾರೂ ಎಲ್ಲ ಅಕ್ಷರಗಳನ್ನೂ ಒಂದೇ ಉಸಿರಿನಲ್ಲಿ ಎಳೆಯುವುದಿಲ್ಲ. ಒತ್ತುವ ಕಡೆ ಒತ್ತಿ, ಉಳಿದದ್ದನ್ನು ಹಗುರ ಬಿಡುತ್ತೇವೆ.

ಮೊದಲ ಸೂಟಿನ ಪ್ರೆಲ್ಯೂಡ್, ಅಂದರೆ ಪೀಠಿಕೆ, ತೆಗೆದುಕೊಳ್ಳಿ. ಮೊದಲ ನಾಲ್ಕು ಆವರ್ತಗಳೂ ಶುರುವಾಗುವುದು ಬೆರಳಿಡದ ಜಿ ತಂತಿಯಿಂದ. ಬೈಲ್ಸ್ಮಾ ಆ ಕೆಳಗಿನ ಸ್ವರಕ್ಕೆ ತೂಕ ಕೊಟ್ಟು ಬಿಟ್ಟುಬಿಡುತ್ತಾರೆ, ಮೇಲಿನವು ಹಗುರವಾಗಿ ಓಡುತ್ತವೆ. ಬಿಟ್ಟ ಆ ಸ್ವರ ನಿಲ್ಲುವುದಿಲ್ಲ, ಕೇಳುವವನ ಕಿವಿಯೊಳಗೆ ಮುಂದುವರಿಯುತ್ತದೆ. ತಂಬೂರಿ ಇಲ್ಲದೆಯೂ ಷಡ್ಜ ಕೇಳಿಸುವ ಹಾಗೆ. ಪಕ್ಕವಾದ್ಯವೇ ಇಲ್ಲದ ಒಂಟಿ ಚೆಲ್ಲೊದಲ್ಲಿ ಎರಡು ಮೂರು ದನಿಗಳು ಹೇಗೆ ಕೇಳುತ್ತವೆ ಎಂಬುದು ನನಗೆ ತಿಳಿದದ್ದು ಇಲ್ಲೇ. ತುಂಡಾಗಿದೆ ಅಂತ ನಾನು ದೂರಿದ ಆ ಖಾಲಿ ಜಾಗವೇ ಈ ಕೆಲಸ ಮಾಡುತ್ತಿತ್ತು.

ಇನ್ನೊಂದು ವಿಷಯ. ಬಾಖ್ ಕೈಯಾರೆ ಬರೆದ ಮೂಲಪ್ರತಿ ಈ ಸೂಟ್‌ಗಳಿಗೆ ಸಿಕ್ಕಿಲ್ಲ. ಹೆಂಡತಿ ಆನಾ ಮಗ್ಡಲೆನಾ ಮಾಡಿದ ನಕಲು ಇದೆ. ಅದರಲ್ಲಿ ಒಂದು ಕಮಾನಿಗೆ ಎಷ್ಟು ಸ್ವರ ಅಂತ ತೋರಿಸುವ ಗೆರೆಗಳು ಒಂದೊಂದು ಕಡೆ ಒಂದೊಂದು ಥರ. ಆಕೆ ಅವಸರದಲ್ಲಿ ಬರೆದಿರಬೇಕು ಅಂತ ಎಷ್ಟೋ ಸಂಪಾದಕರು ಅವನ್ನು ಒಂದೇ ಅಳತೆಗೆ ತಂದರು. ಬೈಲ್ಸ್ಮಾ ಆಕೆಯ ಕೈಬರಹವನ್ನು ನಂಬಿದರು, ಅದರ ಪರವಾಗಿ ಪುಸ್ತಕವನ್ನೇ ಬರೆದರು. ಆ ಹೆಣ್ಣುಮಗಳ ಕೆಲಸಕ್ಕೆ ಅವರು ಕೊಟ್ಟ ಈ ಮರ್ಯಾದೆಗಾಗಿ ನನಗೆ ಅವರ ಮೇಲೆ ಬಹಳ ಪ್ರೀತಿ.

ಕೊಳ್ಳುವಾಗ ಎಚ್ಚರ: ಅವರು ಈ ಸೂಟ್‌ಗಳನ್ನು ಎರಡು ಸಲ ಮುದ್ರಿಸಿದ್ದಾರೆ, 1979ರಲ್ಲಿ ಸೆಯೋನ್ ಕಂಪನಿಗೆ, 1992ರಲ್ಲಿ ಸೋನಿಗೆ. ನಾನು ಇಷ್ಟು ಹೊತ್ತು ಹೇಳಿದ್ದು 1979ರದು. ಎರಡನೆಯದನ್ನು ನುಡಿಸಿದ್ದು 1701ರ ಸ್ಟ್ರಾಡಿವೇರಿಯಸ್ ಚೆಲ್ಲೊ ಮೇಲೆ. ಬೆಲ್ಜಿಯಮ್ಮಿನ ಚೆಲ್ಲೊ ವಾದಕ ಸರ್ವೇ ಹೆಸರಿನ ಆ ವಾದ್ಯ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ. ಆ ಕಾಲದ ದೊಡ್ಡ ಚೆಲ್ಲೊಗಳನ್ನು ಮುಂದೆ ಕೊಯ್ದು ಚಿಕ್ಕದು ಮಾಡಿದ್ದೇ ಹೆಚ್ಚು. ಇದು ಮಾತ್ರ ಹುಟ್ಟಿದ ಗಾತ್ರದಲ್ಲೇ ಉಳಿದಿದೆ. ದನಿ ಅಗಲ, ಆಳ. ಆದರೆ ಅಲ್ಲಿ ಬೈಲ್ಸ್ಮಾ ಲಯವನ್ನು ಬಹಳ ಸಡಿಲ ಬಿಡುತ್ತಾರೆ, ಮಿನ್ಯುಯೆಟ್, ಜೀಗ್ ಎಂಬ ಕುಣಿತದ ತುಣುಕುಗಳಲ್ಲಿ ಹೆಜ್ಜೆ ನನಗೆ ತಪ್ಪುತ್ತದೆ. ಮೊದಲು 1979ರದು ಕೊಳ್ಳಿ. ಅದು ಬಾಯಿಪಾಠವಾದ ಮೇಲೆ 1992ರದು ರುಚಿಸುತ್ತದೆ. ಆರನೆಯ ಸೂಟ್ ಐದು ತಂತಿಯ ವಾದ್ಯಕ್ಕೆ ಬರೆದದ್ದು, ಎರಡರಲ್ಲೂ ಅದಕ್ಕೆ ವಯೊಲೊನ್‌ಚೆಲ್ಲೊ ಪಿಕ್ಕೊಲೊ ಎಂಬ ಚಿಕ್ಕ ಚೆಲ್ಲೊ ಬಳಸಿದ್ದಾರೆ. ಪಿಟೀಲು, ಕೊಳಲಿಗೆ ಬಾಖ್ ಬರೆದ ಕೆಲವು ಕೃತಿಗಳನ್ನೂ ಅದೇ ಪುಟ್ಟ ಚೆಲ್ಲೊದಲ್ಲಿ ನುಡಿಸಿದ ಅವರ ಇನ್ನೊಂದು ಆಲ್ಬಮ್ ಇದೆ, ಸಿಕ್ಕರೆ ಬಿಡಬೇಡಿ.

ಮೊಬೈಲ್ ಸ್ಪೀಕರಿನಲ್ಲಿ ದಯವಿಟ್ಟು ಕೇಳಬೇಡಿ. ಚೆಲ್ಲೊದ ಕೆಳಗಿನ ತಂತಿ 65 ಹರ್ಟ್ಸ್ ಆಸುಪಾಸಿನದು, ಅಷ್ಟು ಕೆಳಗಿನ ಸದ್ದು ಅದರಿಂದ ಹೊರಡುವುದೇ ಇಲ್ಲ. ನಾನು ಬಳಸಿದ ಒಂದು ಆ್ಯಪ್‌ನಲ್ಲಿ ಎರಡೂ ಮುದ್ರಣಗಳು ಒಂದೇ ಹೆಸರಿನಡಿ ಕಲಸಿಕೊಂಡಿದ್ದವು. ವರ್ಷ ನೋಡಿ ಒತ್ತಿ.

ಬೈಲ್ಸ್ಮಾ 2019ರ ಜುಲೈಯಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡರು. ಆ ರಾತ್ರಿ ಐದನೆಯ ಸೂಟಿನ ಸಾರಬಾಂಡ್ ಎಂಬ ನಿಧಾನ ಕುಣಿತದ ತುಣುಕು ಹಾಕಿದ್ದೆ. ಅದರಲ್ಲಿ ಸ್ವರಮೇಳವೇ ಇಲ್ಲ, ಬರೀ ಒಂದೊಂದೇ ಸ್ವರ, ಬರಿಗೈಯಲ್ಲಿ ನಿಂತ ಹಾಗೆ. ಹೋದ ವರ್ಷ ಅದೇ ಜಾಗದಲ್ಲಿ ಡಿಸ್ಕ್ ಗೀರು ಬಿದ್ದು ತೊದಲತೊಡಗಿತು. ಇನ್ನೊಂದು ಸೆಟ್ ತರಿಸಿಕೊಂಡೆ. ಹಳೆಯದನ್ನು ಪಿಟೀಲು ಕಲಿಯುತ್ತಿರುವ ತಂಗಿಯ ಮಗಳು ಒಯ್ದಿದ್ದಾಳೆ. "ದೊಡ್ಡಮ್ಮ, ಇವರು ಮಧ್ಯೆ ಮಧ್ಯೆ ಯಾಕೆ ನಿಲ್ಲಿಸ್ತಾರೆ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದಳು.