ಯುರೋಪಿನ ರೈಲು ಟಿಕೆಟ್: ಹುಡುಕುವ ತಾಣ ಬೇರೆ, ಕೊಳ್ಳುವ ತಾಣ ಬೇರೆ

ಐಆರ್‌ಸಿಟಿಸಿಯಲ್ಲಿ ಪಳಗಿದ ಕೈಗೆ ಯುರೋಪಿನ ರೈಲು ಟಿಕೆಟ್ ಮೊದಮೊದಲು ಬಗ್ಗುವುದಿಲ್ಲ. ಇಟಲಿಗೆ ಟ್ರೆನಿಟಾಲಿಯಾ, ಜರ್ಮನಿಗೆ ಡಿಬಿ, ಸ್ವಿಟ್ಜರ್ಲೆಂಡಿಗೆ ಎಸ್‌ಬಿಬಿ ಎಂದು ದೇಶಕ್ಕೊಂದು ರೈಲು ಸಂಸ್ಥೆ, ಅದಕ್ಕೊಂದು ಜಾಲತಾಣ. ಇವುಗಳ ನಡುವೆ ಟ್ರೈನ್‌ಲೈನ್, ಓಮಿಯೊ ತರಹದ ಮಧ್ಯವರ್ತಿಗಳು. ವೇಟಿಂಗ್ ಲಿಸ್ಟಿನ ತಲೆನೋವಿಲ್ಲ, ಆದರೆ ವೇಗದ ರೈಲುಗಳ ದರ ವಿಮಾನದ ದರದ ಹಾಗೆ ಏರುತ್ತಲೇ ಹೋಗುತ್ತದೆ. ಈ ಮೂರು ದೇಶ ಸುತ್ತುವಾಗ ಎಲ್ಲವನ್ನೂ ಬಳಸಿ ನೋಡಿದೆ.

ಮಧ್ಯವರ್ತಿಗಳು ನಿಜಕ್ಕೂ ಉಪಯೋಗಕ್ಕೆ ಬಂದದ್ದು ಇಟಲಿಯಲ್ಲಿ. ಅಲ್ಲಿ ವೇಗದ ರೈಲು ಓಡಿಸುವವರು ಇಬ್ಬರು: ಸರ್ಕಾರಿ ಟ್ರೆನಿಟಾಲಿಯಾ ಮತ್ತು 2012ರಿಂದ ಓಡುತ್ತಿರುವ ಖಾಸಗಿ ಇಟಾಲೊ. ಒಬ್ಬರ ತಾಣದಲ್ಲಿ ಇನ್ನೊಬ್ಬರ ರೈಲು ಸಿಗುವುದಿಲ್ಲ. ರೋಮ್‌ನಿಂದ ಫ್ಲಾರೆನ್ಸ್‌ಗೆ ಇಬ್ಬರ ರೈಲಿಗೂ ಸುಮಾರು ಒಂದೂವರೆ ಗಂಟೆಯೇ ಸಾಕು, ಆದರೆ ಅದೇ ಬೆಳಗ್ಗೆ ಎರಡರ ದರದಲ್ಲಿ ಗಣನೀಯ ಅಂತರವಿರಬಹುದು. ಮಧ್ಯವರ್ತಿ ತಾಣ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತದೆ. ಅಲ್ಲಿ ನೋಡಿ, ಓಡಿಸುವವರ ತಾಣಕ್ಕೇ ಹೋಗಿ ಕೊಳ್ಳುವುದು ನನ್ನ ಪದ್ಧತಿ. ಸೇವಾ ಶುಲ್ಕ ಉಳಿಯುವುದು ಒಂದು ಕಾರಣ. ಮುಖ್ಯ ಕಾರಣ ಬೇರೆ: ಮಧ್ಯವರ್ತಿಯಿಂದ ಕೊಂಡ ಟಿಕೆಟನ್ನು ಬದಲಿಸಬೇಕಾದರೆ ಸಾಮಾನ್ಯವಾಗಿ ಅವರನ್ನೇ ಹಿಡಿಯಬೇಕು. ನಿಲ್ದಾಣದ ಕೌಂಟರಿನವರು ಕೈಚೆಲ್ಲುತ್ತಾರೆ.

ಇಟಲಿಯ ಪ್ರಾದೇಶಿಕ ರೈಲುಗಳಿಗೆ ಈ ಹೋಲಿಕೆಯ ಗೊಡವೆಯೇ ಬೇಡ. ದರ ನಿಗದಿಯಾಗಿರುತ್ತದೆ, ಹೊರಡುವ ದಿನ ಕೊಂಡರೂ ಅಷ್ಟೇ. ಮೊಬೈಲ್ ಟಿಕೆಟಾದರೆ ಹತ್ತುವ ಮುನ್ನ ಚೆಕ್-ಇನ್ ಮಾಡಬೇಕು, ಕಾಗದದ್ದಾದರೆ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ. ವೆನಿಸ್‌ಗೆ ಹೋಗುವವರು ನಿಲ್ದಾಣದ ಹೆಸರನ್ನು ಎರಡು ಸಲ ಓದಿಕೊಳ್ಳಲಿ: ಮೆಸ್ತ್ರೆ ಇರುವುದು ನೀರಿನ ಈಚೆಗಿನ ಮುಖ್ಯ ನೆಲದಲ್ಲಿ, ಕಾಲುವೆಯ ಬದಿಗೆ ಇಳಿಸುವುದು ಸಾಂತಾ ಲೂಚಿಯಾ.

ಡಿಬಿ ತಾಣದ ವೇಳಾಪಟ್ಟಿಗೆ ಸಾಟಿಯಿಲ್ಲ. ಅಕ್ಕಪಕ್ಕದ ದೇಶಗಳ ರೈಲುಗಳ ಸಮಯವನ್ನೂ ನಾನು ಅಲ್ಲೇ ನೋಡುತ್ತೇನೆ. ಅತಿ ಅಗ್ಗದ ‘ಸೂಪರ್ ಸ್ಪಾರ್‌ಪ್ರೈಸ್’ ಟಿಕೆಟನ್ನು ರದ್ದು ಮಾಡಲಾಗದು. ಅದು ಆಯ್ದ ರೈಲಿಗೇ ಕಟ್ಟುಬಿದ್ದಿರುತ್ತದೆ. ಆದರೆ ತಲುಪುವುದು 20 ನಿಮಿಷವೋ ಹೆಚ್ಚೋ ತಡವಾಗುವಂತಿದ್ದರೆ ಈ ಕಟ್ಟು ಸಡಿಲವಾಗಿ ಬೇರೆ ರೈಲು ಹಿಡಿಯಬಹುದು. ಜರ್ಮನಿಯಲ್ಲಿ ರೈಲು ತಡವಾಗುವುದು ಅಪರೂಪವೇನಲ್ಲ, ಹಾಗಾಗಿ ಈ ನಿಯಮ ಕಾಗದದ ಮೇಲಷ್ಟೇ ಉಳಿಯುವಂಥದ್ದಲ್ಲ. ಒಂದೇ ಪಯಣವನ್ನು ಅಗ್ಗವೆಂದು ಎರಡು ಬಿಡಿ ಟಿಕೆಟ್ ಮಾಡಿ ಕೊಂಡರೆ ಮಾತ್ರ ಮೊದಲ ರೈಲಿನ ತಡಕ್ಕೆ ಎರಡನೆಯದು ತಪ್ಪಿದ ನಷ್ಟ ನಮ್ಮದೇ. ನಾಲ್ಕು ಯೂರೋ ಉಳಿಸಲು ಈ ಅಪಾಯ ನನಗೆ ಬೇಡ.

ಎಸ್‌ಬಿಬಿಯಲ್ಲಿ ಗೋಜಲು ಕಡಿಮೆ. ದೇಶದೊಳಗಿನ ಸಾಮಾನ್ಯ ಟಿಕೆಟ್ ದಿನವಿಡೀ ಒಂದೇ ದರಕ್ಕೆ ಸಿಗುತ್ತದೆ, ಆ ಮಾರ್ಗದ ಯಾವ ರೈಲನ್ನಾದರೂ ಹತ್ತಬಹುದು. ದುಬಾರಿ ಹೌದು, ಆದರೆ ಮನಸ್ಸಿಗೆ ನಿರಾಳ.

ಹಣ ಕಟ್ಟುವ ಪುಟದಲ್ಲಿ ನಮ್ಮವರ ಕಷ್ಟ ಶುರು. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿಗೆ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಳ್ಳಬೇಕು. ಒಟಿಪಿಗಾಗಿ ಭಾರತದ ಸಿಮ್ ಚಾಲ್ತಿಯಲ್ಲಿರಬೇಕು. ಒಂದು ತಾಣವಂತೂ ನನ್ನ ಕಾರ್ಡನ್ನು ಕಾರಣ ಹೇಳದೆ ತಿರಸ್ಕರಿಸುತ್ತಲೇ ಇತ್ತು. ಅದೇ ಕಾರ್ಡು ಇನ್ನೊಂದು ತಾಣದಲ್ಲಿ ಸಲೀಸಾಗಿ ನಡೆಯಿತು. ಅನೇಕ ಕಾರ್ಡುಗಳು ವಿದೇಶಿ ಖರ್ಚಿಗೆ ಶೇ 3.5ರಷ್ಟು ಶುಲ್ಕ ಹಾಕುತ್ತವೆ, ಅದರ ಮೇಲೆ ಜಿಎಸ್‌ಟಿ ಬೇರೆ. ಟಿಕೆಟ್ಟನ್ನು ಊರಿನಲ್ಲಿರುವಾಗಲೇ ಕೊಂಡಿಡುವುದು ಲೇಸು.

ಗಡಿ ದಾಟುವ ರೈಲಿಗೆ ಎರಡೂ ದೇಶಗಳ ತಾಣ ತೆರೆಯುತ್ತೇನೆ. ಮಿಲಾನ್‌ನಿಂದ ಜ್ಯೂರಿಕ್‌ಗೆ 57 ಕಿ.ಮೀ. ಉದ್ದದ ಗೊಟ್ಹಾರ್ಡ್ ಸುರಂಗ ಹಾಯ್ದು ಹೋಗುವ ರೈಲನ್ನು ಟ್ರೆನಿಟಾಲಿಯಾ, ಎಸ್‌ಬಿಬಿ ಎರಡೂ ಮಾರುತ್ತವೆ, ಬೆಲೆ ಮಾತ್ರ ಹೊಂದುವುದಿಲ್ಲ. ಒಂದರದು ಯೂರೋ, ಇನ್ನೊಂದರದು ಫ್ರಾಂಕ್. ರೂಪಾಯಿಗೆ ತಿರುಗಿಸಿಯೇ ಹೋಲಿಸಬೇಕು.