ಬಿಆರ್ ಹಿಲ್ಸ್ ಹೋಂಸ್ಟೇ ಪ್ಯಾಕೇಜ್: ಗೈಡ್ ತಾತಂಗೆ ಫುಲ್ ಮಾರ್ಕ್ಸ್, ಕ್ಯಾಂಪ್‌ಫೈರ್ ಡ್ಯಾನ್ಸ್‌ಗೆ ಸೊನ್ನೆ

ಹೋಂಸ್ಟೇ ಹೆಸರು ಹಾಕಲ್ಲ. ರೂಮ್ ಕ್ಲೀನ್, ಬಿಸಿನೀರು ಬರುತ್ತೆ, ಮುದ್ದೆ ಜೊತೆ ಕೊಟ್ಟ ಸೊಪ್ಪಿನ ಸಾರು ಸಖತ್, ಅಷ್ಟು ಸಾಕು ಅದ್ರ ಬಗ್ಗೆ. ನಾನು ಬರೀತಿರೋದು ಪ್ಯಾಕೇಜಲ್ಲಿರೋ 'ಟ್ರೈಬಲ್ ಎಕ್ಸ್‌ಪೀರಿಯನ್ಸ್' ಬಗ್ಗೆ.

ಬೆಳಗಿನ ವಾಕಿಗೆ ಗೈಡಾಗಿ ಬಂದಿದ್ದು ಹತ್ರದ ಪೋಡಿನ (ಕಾಡೊಳಗಿನ ಹಾಡಿ) ಸೋಲಿಗ ತಾತ ಒಬ್ರು, ಸೋಲಿಗರು ಅಂದ್ರೆ ಈ ಬೆಟ್ಟದ ಬುಡಕಟ್ಟು ಜನ. ಹಕ್ಕಿ ತೋರಿಸ್ತಾರೆ ಅನ್ಕೊಂಡಿದ್ರೆ ಅವ್ರ ಮಾತೆಲ್ಲ ನೆಂಟಸ್ತನದ್ದೇ. ಸೋಲಿಗರಲ್ಲಿ ತೆನೇರು, ಸೂರೀರು, ಹಾಲೇರು, ಬೆಳ್ಳೇರು, ಸೆಲಿಕೀರು ಅಂತ ಐದು ಕುಲ, ಒಂದೇ ಕುಲದೋರು ಎಷ್ಟೇ ದೂರದ ಪೋಡಲ್ಲಿ ಹುಟ್ಟಿದ್ರೂ ಅಣ್ಣತಮ್ಮ ಅಕ್ಕತಂಗಿ ಲೆಕ್ಕ, ಅವ್ರೊಳಗೆ ಮದುವೆ ಇಲ್ವೇ ಇಲ್ಲ, ಹೆಣ್ಣು ಬೇರೆ ಕುಲದಿಂದಾನೇ ತರ್ಬೇಕು. ಹುಡುಗ ಹುಡುಗಿ ಒಪ್ಕೊಂಡು ಕಾಡಿಗೆ ಓಡೋದ್ರೆ? ನಮ್ ಕಡೆ ತರ ಮಚ್ಚು ಹಿಡ್ಕೊಂಡು ಹುಡುಕಲ್ಲ, ವಾಪಸ್ ಬಂದ್ಮೇಲೆ ಹಿರಿಯರು ಕೂತು ದಂಡ ಹಾಕ್ತಾರೆ, ಕಟ್ಟಿದ್ರೆ ಗಂಡ ಹೆಂಡ್ತಿ. ನ್ಯಾಯಕ್ಕೆ ಯಜಮಾನ, ಪೂಜೆಗೆ ತಮ್ಮಡಿ. "ಯಜಮಾನ ಆದ್ರೇನ್ ಸಾರ್, ಅವ್ನೂ ಜೇನಿಗೆ ಹೋಗ್ಬೇಕಲ್ವಾ" ಅಂತ ನಕ್ರು ತಾತ.

ಒಂದು ಕಡೆ ಪೂರ್ತಿ ಲಂಟಾನ ಕಳೆಗಿಡ ಮುಚ್ಕೊಂಡಿತ್ತು, ತಾತ ಚಪ್ಪಲಿ ಬಿಟ್ಟು, ಕತ್ತಿಲಿ ನಾಲ್ಕು ಕಡ್ಡಿ ಸವರಿದ್ರೆ ಒಳಗೆ ಕುಂಕುಮ ಹಚ್ಚಿದ ಸಣ್ಣ ಕಲ್ಲು. ಆ ಜಾಗ ಅವ್ರ ಕುಲದ ಎಲ್ಲೆ, ಅಂದ್ರೆ ಕುಲದ ಪಾಲಿನ ಕಾಡು ಅಂತೆ. ಕಾಡೆಲ್ಲ ಹೀಗೆ ಕುಲಕ್ಕೊಂದು ಎಲ್ಲೆ, ಎಲ್ಲೆಯೊಳಗೆ ದೇವ್ರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅನ್ನೋ ಪೂಜೆ ಜಾಗಗಳು. ಮುಂಚೆ ತರಗುಬೆಂಕಿ (ನೆಲದ ಒಣ ಎಲೆಗೆ ಇಡೋ ಸಣ್ಣ ಬೆಂಕಿ) ಹಾಕ್ತಿದ್ವಿ ಲಂಟಾನ ಏಳ್ತಿರ್ಲಿಲ್ಲ, 1974ರಲ್ಲಿ ಅಭಯಾರಣ್ಯ ಆಯ್ತು, ಬೆಂಕಿನೂ ಬಂದ್, ಪೋಡುಗಳನ್ನೂ ಎತ್ತಿ ಬೇರೆ ಕಡೆ ಹಾಕಿದ್ರು ಅಂದ್ರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯ್ತಲ್ಲ, ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ (ಕಾಡನ್ನ ಊರೋರೆಲ್ಲ ಸೇರಿ ಬಳಸೋ, ಕಾಯೋ ಕಾನೂನು ಹಕ್ಕು) ಸಿಕ್ತು, ಹುಲಿ ಕಾಡೊಳಗೆ ಅಂಥ ಹಕ್ಕು ಮೊದ್ಲು ಪಡೆದೋರೇ ಇವ್ರು. ಹೋಂಸ್ಟೇ ಪಾಂಪ್ಲೆಟಲ್ಲಿ ಇದ್ರ ಬಗ್ಗೆ ಒಂದಕ್ಷರ ಇಲ್ಲ, ಹುಲಿ ಫೋಟೋ ಮಾತ್ರ ಮೂರು!

ಇನ್ನು ರಾತ್ರಿ ಕ್ಯಾಂಪ್‌ಫೈರ್. ಅಯ್ಯೋ. ಇಪ್ಪತ್ತು ವಯಸ್ಸಿನ ಹುಡುಗನಿಗೆ ಗರಿ ಕಿರೀಟ, ಸೊಂಟಕ್ಕೆ ಎಲೆ ಕಟ್ಟಿ 'ಟ್ರೈಬಲ್ ಚೀಫ್' ಅಂತ ನಿಲ್ಸಿದ್ರು, ಸೆಲ್ಫಿಗೆ ಕ್ಯೂ ಬೇರೆ. ಯಜಮಾನನಿಗೆ ಎಂಥ ಕಿರೀಟ ಮಾರಾಯ್ರೆ? ಬೆಳಗ್ಗೆ ತಾತ ಹೇಳಿದ್ದು ಮ್ಯಾನೇಜರ್ ಕಿವಿಗೂ ಬಿದ್ದಿರುತ್ತಲ್ವಾ, ಕೇಳಿದ್ರೆ ಗೆಸ್ಟ್ ಕೇಳ್ತಾರೆ ಸಾರ್ ಅಂತಾನೆ. ಅಲ್ಲಿ ಕುಣಿದ ಹುಡುಗರು ಸೋಲಿಗರ ರೊಟ್ಟಿ ಹಬ್ಬದಲ್ಲಿ ಕುಣಿಯೋ ಹಾಗೆ ತಮ್ಮ ಬಟ್ಟೇಲೇ, ತಮ್ಮ ಪದ ಹೇಳ್ಕೊಂಡು ಕುಣಿದಿದ್ರೆ ನಾನಂತೂ ರಾತ್ರಿಯೆಲ್ಲ ಕೂತಿರ್ತಿದ್ದೆ, ಇಲ್ಲಿ ಸ್ಪೀಕರಲ್ಲಿ ಸಿನಿಮಾ ಹಾಡು.

ಹೋಗೋರು ವಾಕ್ ಮಾತ್ರ ಬುಕ್ ಮಾಡಿ, ಕ್ಯಾಂಪ್‌ಫೈರ್ ಬೇಡ ಅಂದ್ರೆ ದುಡ್ಡು ಕಡಿಮೆ ಮಾಡ್ತಾರೆ. ಪೋಡಿನ ಹಿರಿಯರನ್ನೇ ಗೈಡಾಗಿ ಕೊಡಿ ಅಂತ ಬುಕಿಂಗಲ್ಲೇ ಹೇಳಿ, ಟಿಪ್ಸ್ ಅವ್ರ ಕೈಗೇ ಕೊಡಿ, ಮಳೆಗಾಲ ಆದ್ರೆ ಜಿಗಣೆಗೆ ಉಪ್ಪು ಇಟ್ಕೊಳಿ.