ಬೋರ್ಡಿನ ಮಾತು ಬಿಡಿ, ಪಾಠ ಚೆನ್ನಾಗಿದೆ

ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರಿಗಾಗಿ ಶಿವಮೊಗ್ಗದಲ್ಲಿ ನಡೆಯುವ ತರಬೇತಿ ಇದು. 120 ಗಂಟೆ, ಶುಲ್ಕ 18,000 ರೂಪಾಯಿ, ಮುಗಿದ ಮೇಲೆ ಟೆಫ್ಲ್ (ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ) ಸರ್ಟಿಫಿಕೇಟು. ಬಾಗಿಲ ಮೇಲೆ ‘ಕೊರಿಯಾ ಅಕಾಡೆಮಿಗಳಲ್ಲಿ ಉದ್ಯೋಗ’ ಎಂಬ ಬೋರ್ಡಿದೆ.

ಆ ಬೋರ್ಡು ನಂಬಿ ದುಡ್ಡು ಕಟ್ಟಬೇಡಿ. ದಕ್ಷಿಣ ಕೊರಿಯಾದಲ್ಲಿ ಮಕ್ಕಳು ಶಾಲೆ ಬಿಟ್ಟ ಮೇಲೆ ಹೋಗುವ ಖಾಸಗಿ ಅಕಾಡೆಮಿಗೆ ಹಗ್ವೊನ್ ಎನ್ನುತ್ತಾರೆ. ಅಲ್ಲಿ ಇಂಗ್ಲಿಷ್ ಕಲಿಸಲು ಕೊಡುವ ಇ-2 ವೀಸಾಕ್ಕೆ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ 7 ದೇಶಗಳ ಪಾಸ್‌ಪೋರ್ಟೇ ಬೇಕು. ಭಾರತದ ಜತೆಗಿನ ವ್ಯಾಪಾರ ಒಪ್ಪಂದದಲ್ಲಿ ನಮ್ಮವರಿಗೆ ಇರುವ ದಾರಿ ಶಾಲೆಗಳ ಸಹಾಯಕ ಶಿಕ್ಷಕರದ್ದು. ಅದಕ್ಕೆ ಶಿಕ್ಷಕ ಅರ್ಹತೆ ಬೇರೆ ಬೇಕು. ಟೆಫ್ಲ್ ಇದ್ದಮಾತ್ರಕ್ಕೆ ಇದ್ಯಾವುದೂ ಬದಲಾಗದು.

ಪಾಠದ ವಿಷಯಕ್ಕೆ ಬಂದರೆ, ಅಕ್ಷರಗಳ ಶಬ್ದ ಕೂಡಿಸಿ ಓದಿಸುವ ಫೋನಿಕ್ಸ್ ಭಾಗಕ್ಕೆ ಕೊಟ್ಟ ಹಣ ವಸೂಲು. ಎ ಬಿ ಸಿ ಡಿ ಕ್ರಮ ಬಿಟ್ಟು ಎಸ್, ಎ, ಟಿ, ಪಿ, ಐ, ಎನ್ ಇಂದ ಶುರುಮಾಡಿಸುತ್ತಾರೆ. ಈ ಆರೇ ಅಕ್ಷರಗಳಲ್ಲಿ ಸ್ಯಾಟ್, ಪಿನ್, ಟ್ಯಾಪ್, ನಿಪ್ ಎಂದು ಮಗು ಮೊದಲ ವಾರವೇ ಓದತೊಡಗುತ್ತದೆ. ಶಬ್ದವನ್ನು ‘ಟ’ ಎನ್ನದೆ ‘ಟ್’ ಎಂದೇ ಹೇಳಿಸಬೇಕು. ಕಾಗುಣಿತ ಕಲಿಸಿ ಅಭ್ಯಾಸವಾದ ಟೀಚರುಗಳೇ ಇಲ್ಲಿ ಎಡವುವುದು: ‘ಪ-ಇ-ನ’ ಎಂದು ಹೇಳಿಕೊಟ್ಟರೆ ಅದನ್ನು ಕೂಡಿಸಿ ಪಿನ್ ಮಾಡಲು ಮಗುವಿಗೆ ಆಗುವುದಿಲ್ಲ.

ನಮ್ಮ ಮಕ್ಕಳು ಬಸ್ಸು, ಕಪ್ಪು ಎಂದು ಕೊನೆಗೆ ಸ್ವರ ಅಂಟಿಸುವಂತೆ ಕೊರಿಯಾದ ಮಕ್ಕಳೂ ಅಂಟಿಸುತ್ತಾರೆ. ಕಾಫಿಯನ್ನು ಕಾಪಿ ಮಾಡುವುದರಲ್ಲಂತೂ ಅವರೂ ಮಲೆನಾಡಿನವರೂ ಒಂದೇ ಮನೆಯವರು! ಮದ್ದೂ ಒಂದೇ. ‘ಕಪ್’ ಎಂದಾಗ ತುಟಿ ಮುಚ್ಚಿಸಿ, ಎರಡು ಎಣಿಸುವವರೆಗೆ ತೆರೆಯಲು ಬಿಡಬಾರದು. ‘ಫ’ಕ್ಕೆ ಮೇಲಿನ ಹಲ್ಲು ಕೆಳತುಟಿಯ ಮೇಲಿಟ್ಟು ಊದಿಸಬೇಕು, ಬಾಯ ಮುಂದೆ ಹಿಡಿದ ಅಂಗೈಗೆ ಗಾಳಿ ತಾಗುತ್ತಲೇ ಇರಬೇಕು. ಎಗ್ ಹೋಗಿ ‘ಯೆಗ್ಗು’ ಆಗುವುದರ ಬಗ್ಗೆ ಮಾತ್ರ ಇಲ್ಲಿ ಸೊಲ್ಲೇ ಇಲ್ಲ. ಶಿವಮೊಗ್ಗದಲ್ಲಿ ಕೂತು ಅದನ್ನು ಬಿಟ್ಟದ್ದು ವಿಚಿತ್ರ.

ದೊಡ್ಡ ಕೊರತೆ ಅಭ್ಯಾಸ ಪಾಠದ್ದು. ಇಂಗ್ಲಿಷ್ ಕಲಿಸುವವರಿಗಾಗಿ ಕೇಂಬ್ರಿಜ್ ನಡೆಸುವ ಸೆಲ್ಟಾದಂಥ ಕೋರ್ಸಿನಲ್ಲಿ ಪ್ರತಿಯೊಬ್ಬರೂ 6 ಗಂಟೆ ನಿಜವಾದ ತರಗತಿಗೆ ಪಾಠ ಮಾಡಲೇಬೇಕು. ಇಲ್ಲಿ ಸಿಗುವುದು 20 ನಿಮಿಷದ 4 ಪಾಠ. ಅಷ್ಟರಲ್ಲಿ ಎಲ್ಲರಿಗೂ ಬರುವ ಚಾಳಿ, ಇಡೀ ತರಗತಿಯಿಂದ ಒಟ್ಟಿಗೆ ಹೇಳಿಸುವುದು. ಆ ಗದ್ದಲದಲ್ಲಿ ಬರೀ ಬಾಯಾಡಿಸುವ ಮಗು ಸಿಕ್ಕಿಬೀಳುವುದಿಲ್ಲ. ಮೊದಲು ಎಲ್ಲರೂ, ಆಮೇಲೆ ಬೆಂಚು ಬೆಂಚಾಗಿ, ಕೊನೆಗೆ ಒಬ್ಬೊಬ್ಬರೇ ಹೇಳುವಂತಾಗಬೇಕು. ಇದನ್ನು ತಿದ್ದುವಷ್ಟರಲ್ಲಿ ಸಮಯವೇ ಮುಗಿದಿರುತ್ತದೆ.

ಕೊಡುವ ಫ್ಲ್ಯಾಶ್ ಕಾರ್ಡು ಎ5 ಅಳತೆಯವು, ಹಿಂದಿನ ಬೆಂಚಿಗೆ ಕಾಣವು. ತೆಳು ಕಾಗದ ಬೇರೆ. ಜುಲೈ ಮಳೆಯ ಥಂಡಿಗೆ ಸುರುಳಿ ಸುತ್ತಿಕೊಳ್ಳುತ್ತವೆ. ಎ4ನಲ್ಲಿ ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿಕೊಳ್ಳಿ, ಟ್ಯೂಬ್‌ಲೈಟ್ ಹೊಳಪು ಬೀಳದಂತೆ ಸ್ವಲ್ಪ ಮುಂದಕ್ಕೆ ಬಾಗಿಸಿ ಹಿಡಿಯಿರಿ.

ಇಲ್ಲಿನ ನರ್ಸರಿಗಳಲ್ಲಿ ಕಲಿಸುವವರು, ಟ್ಯೂಷನ್ ನಡೆಸುವವರು ಸೇರಬಹುದು. ಸೇರುವುದಾದರೆ ಶನಿವಾರದ ಬ್ಯಾಚನ್ನೇ ಕೇಳಿ, ಪಾಠಕ್ಕೆ ಮಕ್ಕಳನ್ನು ಕರೆಸುವುದು ಅಂದು ಮಾತ್ರ.